ನಿರ್ಧಾರ ನಮ್ಮದೋ, ಮಿದುಳಿನದೋ?

ಪ್ರಶ್ನೆ – ಡೊಂಬಿವಲಿಯಿಂದ

ಮಾಟುಂಗಾದಲ್ಲಿ ಸೇರುವ ನಮ್ಮ ಓದುಗರ ಕೂಟದಲ್ಲಿ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಚರ್ಚೆ ನಡೆಯಿತು. ಇಷ್ಟ ಬಂದಾಗ ಕೈ ಆಡಿಸಿ ಎಂದು ಹೇಳಿಸಿಕೊಂಡವರ ಮಿದುಳಿನಲ್ಲಿ ಅದರ ಸಿದ್ಧತೆಯ ವಿದ್ಯುತ್ ಸಂಕೇತ ಚಲನೆಗೆ ಸುಮಾರು 550 ಮಿಲಿಸೆಕೆಂಡು ಮೊದಲೇ ಕಾಣಿಸಿಕೊಂಡಿತು. ಆಡಿಸಬೇಕೆಂಬ ಇಚ್ಛೆ ಅವರ ಅರಿವಿಗೆ ಬಂದದ್ದು ಚಲನೆಗೆ ಸುಮಾರು 200 ಮಿಲಿಸೆಕೆಂಡು ಮೊದಲು, ಅಂದರೆ ಮಿದುಳಿನ ಸಿದ್ಧತೆ ಶುರುವಾದ ಮೇಲೆ. ನನ್ನನ್ನು ಕಾಡುವ ಸಂಶಯ ಇದು: ಪಾರ್ಶ್ವವಾಯುವಿನ ನಂತರ ಸ್ವಭಾವವೇ ಬದಲಾದ ನಮ್ಮ ದೊಡ್ಡಪ್ಪನವರ ಸಿಡುಕನ್ನು ಮನೆಯವರೆಲ್ಲ ಮನ್ನಿಸುತ್ತೇವೆ. ಆರೋಗ್ಯವಂತರ ಸಿಡುಕೂ ಮಿದುಳಿನ ಕೆಲಸವೇ ಆಗಿದ್ದರೆ, ಅವರನ್ನು ಮಾತ್ರ ಹೊಣೆ ಮಾಡುವುದು ಯಾವ ನ್ಯಾಯ?

ಉತ್ತರ – ಪುಣೆಯಿಂದ

ಮಾನ್ಯರೇ, ಆ ಪ್ರಯೋಗದ ಮೇಲೆ ಅಷ್ಟು ಭಾರ ಹೊರಿಸಲಾಗದು. ನರವಿಜ್ಞಾನಿ ಆ್ಯರನ್ ಶುರ್ಗರ್ ಮತ್ತು ಸಂಗಡಿಗರು 2012ರಲ್ಲಿ ಬೇರೊಂದು ವಿವರಣೆ ಕೊಟ್ಟರು. ನರಕೋಶಗಳ ಚಟುವಟಿಕೆ ಸದಾ ಏರಿಳಿಯುತ್ತಿರುತ್ತದೆ. ಅದು ಒಂದು ಮಿತಿಯನ್ನು ದಾಟಿದಾಗ ಕೈ ಆಡುತ್ತದೆ. ಕೈ ಆಡಿದ ಕ್ಷಣದಿಂದ ಹಿಂದಕ್ಕೆ ಎಣಿಸಿ ಹಲವು ಸಲದ ಸರಾಸರಿ ತೆಗೆದರೆ ಆ ಏರಿಳಿತವೇ ಮೊದಲೇ ಶುರುವಾದ ಸಿದ್ಧತೆಯಂತೆ ಕಾಣಬಹುದು. ಲಿಬೆಟ್ ಕೂಡ ಕೊನೆಯ ಗಳಿಗೆಯಲ್ಲಿ ಕ್ರಿಯೆಯನ್ನು ತಡೆಯುವ ಅವಕಾಶ ಅರಿವಿಗೆ ಉಳಿದಿದೆ ಎಂದೇ ನಂಬಿದ್ದರು. ಇದಕ್ಕಿಂತ ಮುಖ್ಯವಾಗಿ, ಅಲ್ಲಿ ಕೈ ಆಡಿಸುವುದಕ್ಕೆ ಕಾರಣವೇ ಇರಲಿಲ್ಲ. ಪುಣೆಯ ಕೆಲಸ ಬಿಟ್ಟು ಧಾರವಾಡಕ್ಕೆ ಮರಳಬೇಕೇ ಎಂದು ತಿಂಗಳುಗಟ್ಟಲೆ ತೂಗಿ ನೋಡುವವರ ನಿರ್ಧಾರವನ್ನು ಅದೇ ಗಡಿಯಾರದಿಂದ ಅಳೆಯಲಾಗದು.

ಉತ್ತರ – ಮಡಗಾಂವಿನಿಂದ

ಪುಣೆಯವರ ಮಾತು ಸರಿ, ಆದರೆ ಅದರಿಂದ ಮೂಲ ಪ್ರಶ್ನೆ ಬಗೆಹರಿಯುವುದಿಲ್ಲ. ಆಕಸ್ಮಿಕ ಏರಿಳಿತದಿಂದ ಕೈ ಆಡಿದರೆ ಅದೂ ಸ್ವಾತಂತ್ರ್ಯವಲ್ಲ. ಜಡವಲ್ಲದ ಆತ್ಮವು ಜಡ ದೇಹವನ್ನು ಹೇಗೆ ಚಲಿಸುವಂತೆ ಮಾಡುತ್ತದೆ ಎಂದು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲಿ, ಮನಸ್ಸು ಮತ್ತು ದೇಹ ಬೇರೆ ಬೇರೆ ಎಂದ ತತ್ತ್ವಜ್ಞಾನಿ ದೆಕಾರ್ತನಿಗೆ ಬರೆದು ಕೇಳಿದಳು. ಅವನ ಸಮಾಧಾನಗಳು ಅವಳಿಗೆ ಒಪ್ಪಿಗೆಯಾಗಲಿಲ್ಲ. ನನ್ನ ದೃಷ್ಟಿಯಲ್ಲಿ ತೊಡಕು ಇರುವುದೇ ಅಲ್ಲಿ. ಮನಸ್ಸು ದೇಹದ ಹೊರಗೆ ನಿಂತು ಆಜ್ಞೆ ಮಾಡುವ ಒಡೆಯ ಎಂದುಕೊಂಡಾಗ ಮಾತ್ರ ಮಿದುಳಿನ ಪ್ರತಿಯೊಂದು ಕ್ರಿಯೆಯೂ ಆ ಒಡೆತನಕ್ಕೆ ಎದುರಾಳಿಯಾಗುತ್ತದೆ. ತೂಗಿ ನೋಡುವುದು, ಹಿಂಜರಿಯುವುದು, ಮನಸ್ಸು ಬದಲಿಸುವುದು ಇವೇ ಮಿದುಳಿನ ಮೂಲಕ ನಡೆಯುತ್ತಿದ್ದರೆ, ಮಿದುಳು ಮಾಡಿತು ಎಂದ ಮಾತ್ರಕ್ಕೆ ನಾನು ಮಾಡಲಿಲ್ಲ ಎಂದಾಗುವುದಿಲ್ಲ. ಕರ್ತೃತ್ವ ಒಂಟಿಯಾದುದಲ್ಲ ಎಂಬ ವಿಚಾರ ನಮಗೆ ಹೊಸದೂ ಅಲ್ಲ: ಗೀತೆಯ 18ನೆಯ ಅಧ್ಯಾಯ ಕರ್ಮಕ್ಕೆ ಅಧಿಷ್ಠಾನ (ನೆಲೆಯಾದ ದೇಹ), ಕರ್ತೃ (ಮಾಡುವವನು), ಕರಣ (ಇಂದ್ರಿಯಗಳು), ಚೇಷ್ಟೆ (ಪ್ರಯತ್ನ), ದೈವ ಎಂಬ ಐದು ಕಾರಣಗಳನ್ನು ಹೇಳುತ್ತದೆ. ಮಧ್ವಾಚಾರ್ಯರು ಜೀವಾತ್ಮನ ಕರ್ತೃತ್ವವನ್ನು ನಿಜವೆಂದು ಒಪ್ಪಿಯೂ ಅದು ಈಶ್ವರಾಧೀನ ಎಂದರು. ಅವರ ಈಶ್ವರನ ಸ್ಥಾನದಲ್ಲಿ ಭೌತಿಕ ನಿಯಮವನ್ನು ಕೂರಿಸುವುದು ಸರಿಯಲ್ಲ. ಆದರೂ ಅಧೀನವಾದದ್ದೆಲ್ಲ ಸುಳ್ಳಲ್ಲ ಎಂಬ ತರ್ಕ ಇಲ್ಲಿಯೂ ನೆರವಿಗೆ ಬರುತ್ತದೆ.

ಉತ್ತರ – ಠಾಣೆಯಿಂದ

ದೊಡ್ಡಪ್ಪನವರ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ. ಅವರಿಗೂ ಇತರರಿಗೂ ಇರುವ ವ್ಯತ್ಯಾಸ ಮಿದುಳು ಕಾರಣವೋ ಅಲ್ಲವೋ ಎಂಬುದರಲ್ಲಿಲ್ಲ. ತಿಳಿಹೇಳಿದ ಮಾತು ನಡತೆಯನ್ನು ಬದಲಿಸಬಲ್ಲುದೇ ಎಂಬುದರಲ್ಲಿದೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ, ತಪ್ಪೆಂದು ಗೊತ್ತಿದ್ದರೂ ಆವೇಗವನ್ನು ತಡೆಯುವ ಶಕ್ತಿ ಕುಗ್ಗಬಹುದು. ಅಂಥ ಶಕ್ತಿ ಉಳಿದಿರುವ ಆರೋಗ್ಯವಂತರಿಂದ ಸಂಯಮವನ್ನು ನಿರೀಕ್ಷಿಸುವುದು ಅನ್ಯಾಯವಲ್ಲ. ಆದರೆ ಈ ಶಕ್ತಿ ಪೂರ್ತಿ ಇದೆ ಅಥವಾ ಪೂರ್ತಿ ಇಲ್ಲ ಎಂಬಂಥದ್ದಲ್ಲ, ನಿದ್ದೆಗೆಟ್ಟರೂ ಅದು ತಗ್ಗುತ್ತದೆ. ಆದ್ದರಿಂದ ಹೊಣೆಯನ್ನೂ ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗಿಯೇ ಹೊರಿಸಬೇಕು. ದೊಡ್ಡಪ್ಪನವರು ಚೇತರಿಸಿಕೊಳ್ಳುತ್ತಿದ್ದರೆ, ಅವರ ಪ್ರತಿಯೊಂದು ಸಿಡುಕನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆಯುವುದು ಅವರಿಗೆ ಸಲ್ಲಬೇಕಾದ ಗೌರವವನ್ನು ಕಸಿದಂತಾಗಬಹುದು. ಅವರೊಡನೆ ನೇರವಾಗಿ ಮಾತನಾಡಿದಾಗ ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ತಾವು ತಿಳಿಸುವಿರಾ?