ಹೈಬ್ರಿಡ್ ಕಾರಿನ ಬೆಳಗಿನ ನಡುಕ: ಇಗ್ನಿಷನ್ ಕಿಟ್ ಹಾಕಿಸುವುದು ಸಾರ್ಥಕವೇ?

ಪ್ರಶ್ನೆ

ನನ್ನದು 1.8 ಲೀಟರ್ ಪೆಟ್ರೋಲ್ ಎಂಜಿನ್ನಿನ ಹೈಬ್ರಿಡ್ ಕಾರು. ಈವರೆಗೆ ಸುಮಾರು 1,70,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ, ರಾತ್ರಿಯಿಡೀ ನಿಂತ ಕಾರಿನ ಎಂಜಿನ್ ಬೆಳಿಗ್ಗೆ ಮೊದಲ ಸಲ ಚಾಲೂ ಆದಾಗ ಎಂಟು ಹತ್ತು ಸೆಕೆಂಡು ಜೋರಾಗಿ ನಡುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಸ್ಕ್ಯಾನರಿನಲ್ಲಿ ಪಿ0301, ಅಂದರೆ ಮೊದಲನೆಯ ಸಿಲಿಂಡರಿನ ಮಿಸ್‌ಫೈರ್ (ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು), ದಾಖಲಾಗಿದೆ. ಮೈಲೇಜ್ ಕೂಡ ತುಸು ಇಳಿದಂತಿದೆ. ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಅಧಿಕ ವೋಲ್ಟೇಜಿನ ಕಾಯಿಲ್‌ಗಳು, 0.4 ಮಿ.ಮೀ. ತುದಿಯ ಇರಿಡಿಯಂ ಪ್ಲಗ್‌ಗಳು ಮತ್ತು ಹೆಚ್ಚುವರಿ ಅರ್ಥಿಂಗ್ ತಂತಿಗಳಿರುವ ಕಿಟ್ ಹಾಕಿಸಿದರೆ ನಡುಕವೂ ನಿಲ್ಲುತ್ತದೆ, ಮೈಲೇಜೂ ಏರುತ್ತದೆ ಎಂದು ಬಿಡಿಭಾಗ ಮಾರುವವರೊಬ್ಬರು ಹೇಳುತ್ತಿದ್ದಾರೆ. ಇಷ್ಟು ಖರ್ಚು ಮಾಡಬಹುದೇ?

ಮೊದಲ ಉತ್ತರ

ಮಿಸ್‌ಫೈರಿಗೆ ಕಾರಣ ಏನೆಂದು ತಿಳಿಯುವ ಮುನ್ನ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ದೋಷ ಕಿಡಿಯಲ್ಲಿದೆ ಎಂದೇ ನನಗೆ ಅನ್ನಿಸುವುದಿಲ್ಲ.

ಕಾಯಿಲ್ ಪೆಟ್ಟಿಗೆಯ ಮೇಲೆ 60,000 ವೋಲ್ಟ್ ಎಂದು ಅಚ್ಚಾಗಿದ್ದರೂ, ಪ್ಲಗ್ಗಿನ ಅಂತರವನ್ನು ದಾಟಿ ಕಿಡಿ ಹಾರುವುದಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ವೋಲ್ಟೇಜಿನ ಏರಿಕೆ ನಿಂತುಹೋಗುತ್ತದೆ. ಆ ಪ್ರಮಾಣವನ್ನು ನಿರ್ಧರಿಸುವುದು ಅಂತರ, ಸಿಲಿಂಡರಿನೊಳಗಿನ ಒತ್ತಡ ಮತ್ತು ಎಲೆಕ್ಟ್ರೋಡಿನ ಸವೆತವೇ ಹೊರತು ಪೆಟ್ಟಿಗೆಯ ಮೇಲಿನ ಬರಹವಲ್ಲ. ಮಿಶ್ರಣಕ್ಕೆ ಒಮ್ಮೆ ಬೆಂಕಿ ಹತ್ತಿದ ಮೇಲೆ ಕಿಡಿಯ ಕೆಲಸ ಮುಗಿಯಿತು. ಬತ್ತಿಗೆ ಕಡ್ಡಿ ಗೀರಿ ತಗುಲಿಸಿದರೂ ಪಂಜು ತಗುಲಿಸಿದರೂ ದೀಪ ಉರಿಯುವುದು ಎಣ್ಣೆಯಿಂದ.

ಸಾಮಾನ್ಯ ಕಾರಿನಲ್ಲಿ ಕಿಡಿ ದುರ್ಬಲವಾಗುವ ಗಳಿಗೆ ಒಂದಿತ್ತು. ಸ್ಟಾರ್ಟರ್ ಮೋಟರ್ ಎಂಜಿನ್ನನ್ನು ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ ತಿರುಗಿಸುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಒಳ್ಳೆಯ ಕಾಯಿಲ್ ನಿಜಕ್ಕೂ ನೆರವಾಗುತ್ತಿತ್ತು. ನಿಮ್ಮ ಕಾರಿನಂಥ ಹೈಬ್ರಿಡ್‌ಗಳಲ್ಲಿ ಈ ಕೆಲಸವನ್ನು ದೊಡ್ಡ ಮೋಟರ್-ಜನರೇಟರ್ ಮಾಡುತ್ತದೆ. ಎಂಜಿನ್ ಸುಮಾರು 1,000 ಸುತ್ತಿನ ವೇಗಕ್ಕೆ ಬಂದ ಮೇಲೆಯೇ ಇಂಧನವೂ ಕಿಡಿಯೂ ದೊರೆಯುತ್ತವೆ. ಕಾಯಿಲ್‌ಗೆ ಬೇಕಾದ 12 ವೋಲ್ಟ್ ವ್ಯವಸ್ಥೆಗೆ ಆಲ್ಟರ್ನೇಟರ್ ಬದಲು, ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಡಿಸಿ-ಡಿಸಿ ಕನ್ವರ್ಟರ್ ವಿದ್ಯುತ್ ಒದಗಿಸುವುದರಿಂದ ವೋಲ್ಟೇಜ್ 14ರ ಆಸುಪಾಸಿನಲ್ಲಿ ಸ್ಥಿರವಾಗಿರುತ್ತದೆ. ಹೀಗಿರುವಾಗ ಅರ್ಥಿಂಗ್ ಕಿಟ್ ಯಾವ ರೋಗಕ್ಕೆ ಮದ್ದು ಎಂದು ಮಾರುವವರನ್ನೇ ಕೇಳಬೇಕು.

ಒಂದು ಮಾತನ್ನು ಮಾತ್ರ ಒಪ್ಪಬೇಕು. ಈ ಎಂಜಿನ್‌ಗಳಲ್ಲಿ ತಂಪುಗೊಳಿಸಿದ ಹೊಗೆಯನ್ನು ಇಜಿಆರ್ ಎಂಬ ವ್ಯವಸ್ಥೆಯ ಮೂಲಕ ಮರಳಿ ಒಳಗೆ ಬಿಡುವುದರಿಂದ ಮಿಶ್ರಣಕ್ಕೆ ಬೆಂಕಿ ಹತ್ತಿಸುವುದು ಕೊಂಚ ಕಷ್ಟವೇ. ಆದರೆ ಮೂಲ ಕಾಯಿಲ್‌ಗಳನ್ನು ಅದನ್ನು ಗಮನದಲ್ಲಿಟ್ಟೇ ರೂಪಿಸಿರುತ್ತಾರೆ. ಕಾಯಿಲ್ ಒಳಗೇ ಅದರ ವಿದ್ಯುತ್ತನ್ನು ಹರಿಸಿ ಕಡಿಯುವ ಇಗ್ನೈಟರ್ ಇರುತ್ತದೆ. ಕಂಪ್ಯೂಟರ್ ಆದೇಶ ಕೊಟ್ಟು, ಕಾಯಿಲ್‌ನಿಂದ ಮರುಸಂಕೇತವನ್ನು ನಿರೀಕ್ಷಿಸುತ್ತದೆ. ಹೊರಗಿನ ಕಾಯಿಲ್‌ನಿಂದ ಆ ಸಂಕೇತ ಸರಿಯಾಗಿ ಬಾರದಿದ್ದರೆ ಪಿ0351ರಿಂದ ಪಿ0354ರವರೆಗಿನ ಹೊಸ ಕೋಡ್‌ಗಳು ನಿಮ್ಮ ಪಟ್ಟಿಗೆ ಸೇರುತ್ತವೆ, ಅಷ್ಟೆ.

ಈಗ ಪರೀಕ್ಷೆಗೆ ಬನ್ನಿ. ಕಾರು ರೆಡಿ ಸ್ಥಿತಿಯಲ್ಲಿದ್ದರೆ, ಸದ್ದಿಲ್ಲದೆ ನಿಂತಿರುವ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ಚಾಲೂ ಆಗಬಹುದು; ಆದ್ದರಿಂದ ಕಾರನ್ನು ಪೂರ್ತಿ ಆಫ್ ಮಾಡಿ, ಕೀಲಿಯನ್ನು ದೂರವಿಟ್ಟು, ಎಂಜಿನ್ ತಣಿದ ಮೇಲೆಯೇ ಕೈಹಾಕಿ. ಅಧಿಕ ವೋಲ್ಟೇಜ್ ಇರುವ ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಲೇಬೇಡಿ. ಒಂದನೆಯ ಮತ್ತು ಎರಡನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಎರಡು ಮೂರು ಬೆಳಗು ನೋಡಿ. ಕೋಡ್ ಪಿ0302 ಆದರೆ ಕಾಯಿಲ್ ಕೆಟ್ಟಿದೆ; ಪಿ0301 ಆಗಿಯೇ ಉಳಿದರೆ ಕಾಯಿಲ್ ನಿರ್ದೋಷಿ. ಹಾಗೆಯೇ ನಾಲ್ಕೂ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿಟ್ಟು ಬಣ್ಣ ಹೋಲಿಸಿ, ಎಂಜಿನ್ನಿನ ಕೂಲೆಂಟ್ ಮಟ್ಟ ಗುರುತಿಸಿಕೊಳ್ಳಿ. ಇನ್ವರ್ಟರಿನ ಕೂಲೆಂಟ್ ತೊಟ್ಟಿ ಬೇರೆಯೇ ಇರುತ್ತದೆ, ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಎರಡನೆಯ ಉತ್ತರ

ಪ್ಲಗ್‌ಗಳ ಬಗ್ಗೆ ಇಷ್ಟು ಸೇರಿಸುತ್ತೇನೆ. ಕಾರ್ಖಾನೆಯಿಂದ ಬಂದ ಪ್ಲಗ್‌ಗಳೂ ಬಹುಮಟ್ಟಿಗೆ ಇರಿಡಿಯಂನವೇ ಆಗಿರುತ್ತವೆ, 0.4 ಮಿ.ಮೀ. ತುದಿಯ ಬಗೆಗಳು ಸಾಮಾನ್ಯವಾಗಿ ಅವುಗಳಷ್ಟು ದೀರ್ಘಕಾಲ ಬಾಳುವುದಿಲ್ಲ. ಇನ್ನು ರೇಸಿಂಗ್ ಬಗೆಯ ‘ತಣ್ಣನೆಯ’, ಅಂದರೆ ತುದಿಯ ಶಾಖವನ್ನು ಬೇಗ ಬಿಟ್ಟುಕೊಡುವ, ಪ್ಲಗ್ ಹೈಬ್ರಿಡ್‌ಗೆ ಸಲ್ಲದು. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಮಾತ್ರ ಮಸಿ ಸುಟ್ಟುಹೋಗುತ್ತದೆ. ಪದೇ ಪದೇ ನಿಂತು ಹೊರಡುವ ಎಂಜಿನ್ನಿನಲ್ಲಿ ತಣ್ಣನೆಯ ಪ್ಲಗ್ ಆ ಮಟ್ಟ ಮುಟ್ಟುವುದೇ ಕಷ್ಟ. ನಿಮ್ಮ ಕೈಪಿಡಿಯಲ್ಲಿರುವ ಸಂಖ್ಯೆಯ ಪ್ಲಗ್ಗನ್ನೇ ಹಾಕಿ. ಅಂತರ ಸರಿಪಡಿಸಲು ಹೋಗಿ ಇರಿಡಿಯಂ ತುದಿ ಮುರಿದುಕೊಂಡವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು, ಆರು ದಿನಗಳ ನಂತರ

ಕಾಯಿಲ್ ಅದಲುಬದಲು ಮಾಡಿದೆ. ಕೋಡ್ ಪಿ0301 ಆಗಿಯೇ ಉಳಿದಿದೆ. ಮೂರು ಪ್ಲಗ್‌ಗಳು ಕಂದು ಬಣ್ಣಕ್ಕೆ ತಿರುಗಿದ್ದರೆ, ಒಂದನೆಯ ಸಿಲಿಂಡರಿನದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದೆ. ಕೂಲೆಂಟ್ ಐದು ದಿನದಲ್ಲಿ ಬೆರಳಗಲದಷ್ಟು ಇಳಿದಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ.

ಮೊದಲ ಉತ್ತರಿಸಿದವರು

ಹಾಗಾದರೆ ಕೂಲೆಂಟ್ ರಾತ್ರಿ ಆ ಸಿಲಿಂಡರಿನೊಳಗೆ ಜಿನುಗುತ್ತಿದೆ, ಬೆಳಿಗ್ಗೆ ಅದು ಆವಿಯಾಗಿ ಹೋಗುವವರೆಗೆ ಎಂಜಿನ್ ನಡುಗುತ್ತಿದೆ. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆಯೇ ಅನುಮಾನ. ಕೂಲಿಂಗ್ ವ್ಯವಸ್ಥೆಗೆ ಒತ್ತಡ ತುಂಬಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಪ್ಲಗ್ ರಂಧ್ರದಿಂದ ಬೋರೋಸ್ಕೋಪ್ (ತೆಳು ಕೊಳವೆಯ ಕ್ಯಾಮೆರಾ) ಇಳಿಸಿ ಪಿಸ್ಟನ್ ಮೇಲೆ ದ್ರವ ನಿಂತಿದೆಯೇ ಎಂದು ನೋಡಲು ಹೇಳಿ. ಅಲ್ಲಿಯವರೆಗೆ ಕಾರನ್ನು ಓಡಿಸಬೇಡಿ. ಸಿಲಿಂಡರಿನಲ್ಲಿ ದ್ರವ ಹೆಚ್ಚಾದರೆ ಅದು ಒತ್ತಡಕ್ಕೆ ಬಗ್ಗುವುದಿಲ್ಲ, ಬಗ್ಗುವುದು ಕನೆಕ್ಟಿಂಗ್ ರಾಡ್. ಹೆಡ್ ಬಿಚ್ಚಿದಾಗ ಇಜಿಆರ್ ಕೂಲರ್ ಮಸಿ ಕಟ್ಟಿದೆಯೇ ಎಂದೂ ನೋಡಿಸಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಪಿಸ್ಟನ್ ಮೇಲೆ ಕೂಲೆಂಟ್ ನಿಂತಿತ್ತು. ಗ್ಯಾಸ್ಕೆಟ್ ಬದಲಾಯಿತು, ಇಜಿಆರ್ ಕೂಲರ್ ಶುಚಿಯಾಯಿತು, ಕೈಪಿಡಿಯ ಸಂಖ್ಯೆಯ ಹೊಸ ಪ್ಲಗ್‌ಗಳು ಬಂದವು. ಕಾಯಿಲ್‌ಗಳು ಹಳೆಯವೇ ಇವೆ. ಹದಿನಾಲ್ಕು ಬೆಳಗಿನಿಂದ ನಡುಕವಿಲ್ಲ, ಕೋಡ್ ಮರುಕಳಿಸಿಲ್ಲ.