ಹಂಪ್ ಹಾರಿದಾಗೆಲ್ಲ ಇಂಜಿನ್ ಕೆಳಗೆ ಬೀಳ್ತಿದೆ, ಟ್ರೇಲರ್ ಮೇಲೆ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ತೂಗುವ ಇಂಜಿನ್) ನಿಲ್ಲಿಸೋದು ಹೇಗೆ?

ಹೊಸನಗರ_ಹಿನ್ನೀರು:
ಸಾಕಾಗಿ ಹೋಗಿದೆ. 16 ಅಡಿ ಫೈಬರ್ ಬೋಟು, 40 ಎಚ್‌ಪಿ ಟೂ ಸ್ಟ್ರೋಕ್. ಕುಂದಾಪುರದಿಂದ ಕೊಲ್ಲೂರು ಘಾಟಿ ಹತ್ತಿಸಿ ಲಿಂಗನಮಕ್ಕಿ ಹಿನ್ನೀರಿಗೆ ಒಯ್ಯೋದು. ಎತ್ತಿ ಲಾಕ್ ಮಾಡಿದ ಇಂಜಿನ್ ದಾರಿಯಲ್ಲಿ ದಡಕ್ಕನೆ ಕೆಳಗೆ ಬೀಳುತ್ತೆ. ಮಧ್ಯೆ ಮರದ ತುಂಡು ಕೊಟ್ಟು ನೋಡಿದೆ, ಅದೂ ಹಾರಿಹೋಗುತ್ತೆ. ಈಗ ಟ್ರಾನ್ಸಮ್ (ಇಂಜಿನ್ ಕೂರುವ, ಬೋಟಿನ ಹಿಂದಿನ ಗೋಡೆ) ಒಳಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣ್ತಿದೆ. ಲಾಕ್ ಬದಲಿಸಬೇಕಾ, ಟ್ರಾನ್ಸಮ್ ಸೇವರ್ (ಎತ್ತಿದ ಇಂಜಿನ್‌ಗೆ ಕೊಡುವ ಆಧಾರ) ತರಿಸಬೇಕಾ? ಗೊತ್ತಿದ್ದವರು ಬೇಗ ಹೇಳಿ.

ಮಲ್ಪೆ_ಸ್ಪ್ಯಾನರ್:
ಲಾಕ್ ಸಮಸ್ಯೆ ಅಲ್ಲ ಮಾರಾಯ್ರೆ, ಇಂಜಿನ್ ಎತ್ತಿ ಹಿಡಿಯುವ ಹೈಡ್ರಾಲಿಕ್ ಇಳೀತಿದೆ. ಇಂಜಿನ್ ಪೂರ್ತಿ ಎತ್ತಿ, ಬ್ರಾಕೆಟ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಗೆರೆ ಒಂದು ಇಂಚು ಜಾರಿದ್ದರೂ ರಾಮ್ (ಇಂಜಿನ್ ಎತ್ತುವ ಹೈಡ್ರಾಲಿಕ್ ದಂಡ) ಸೀಲ್ ಅಥವಾ ಮ್ಯಾನುಯಲ್ ರಿಲೀಸ್ ಸ್ಕ್ರೂ ಒಳಗಿನ ಓ-ರಿಂಗ್ ಹೋಗಿದೆ ಅಂತ ಲೆಕ್ಕ. ಮೊದಲು ಆ ಸ್ಕ್ರೂ ಪೂರ್ತಿ ಬಿಗಿ ಇದೆಯಾ ನೋಡಿ. ಆಮೇಲೆ ಇಂಜಿನ್ ಮೇಲಿದ್ದ ಹಾಗೇ ಫಿಲ್ಲರ್ ಪ್ಲಗ್ ತೆಗೆದು ಎಣ್ಣೆ ಮಟ್ಟ ನೋಡಿ. ಬಾಯಿವರೆಗೆ ಇರಬೇಕು. ಕಮ್ಮಿಯಿದ್ದರೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಹಾಕಿ, ಮೂರ್ನಾಲ್ಕು ಸಲ ಮೇಲೆ ಕೆಳಗೆ ಮಾಡಿ ಗಾಳಿ ಹೊರಗೆ ಹಾಕಿ.

ತ್ರಾಸಿ_ತೀರ:
ಅಳತೆ ಇಲ್ಲದೆ ಏನೂ ಹೇಳೋಕಾಗಲ್ಲ. ಪವರ್ ಟಿಲ್ಟಾ (ಬಟನ್ ಒತ್ತಿದರೆ ಹೈಡ್ರಾಲಿಕ್‌ನಲ್ಲಿ ಏಳೋದು), ಕೈಯಲ್ಲಿ ಎತ್ತೋದಾ? ಶಾರ್ಟ್ ಶಾಫ್ಟಾ, ಲಾಂಗಾ? ಇಂಜಿನ್ ನೆಟ್ಟಗೆ ಇಳಿಸಿದಾಗ ಸ್ಕೆಗ್ (ಇಂಜಿನ್‌ನ ತೀರಾ ಕೆಳಗಿನ ರೆಕ್ಕೆ) ತುದಿಯಿಂದ ರಸ್ತೆಗೆ ಎಷ್ಟು? ಟ್ರೇಲರ್‌ನ ಬಂಕ್ ಹಲಗೆ (ಬೋಟು ಕೂರುವ ಹಲಗೆ) ಟ್ರಾನ್ಸಮ್ ಕೆಳಗೆ ಬರುತ್ತಾ, ಅದಕ್ಕಿಂತ ಮುಂದೆಯೇ ಮುಗಿಯುತ್ತಾ? ಹಿಂಭಾಗಕ್ಕೆ ಬೆಲ್ಟ್ ಇದೆಯಾ? ಇಷ್ಟೂ ಬೇಕು.

ಹೊಸನಗರ_ಹಿನ್ನೀರು:
ಲಾಂಗ್ ಶಾಫ್ಟ್. ಬೆಲ್ಟ್ ಇದೆ, ಬೋಟು ಅಲ್ಲಾಡಲ್ಲ. ಬೋಟಲ್ಲಿ ಏನೂ ತೊಂದರೆ ಇಲ್ಲ, ಇಂಜಿನ್ನದ್ದೇ ಸಮಸ್ಯೆ.

ಮಲ್ಪೆ_ಸ್ಪ್ಯಾನರ್:
ನಾನೂ ಅದೇ ಹೇಳಿದ್ದು. ರಾಮ್ ರಾಡ್ ಒರೆಸಿ ನೋಡಿ, ಎಣ್ಣೆ ಪಸೆ ಇದ್ದರೆ ಸೀಲ್ ಹೋಗಿದೆ. ರಾಡ್ ಮೇಲೆ ತುಕ್ಕಿನ ಚುಕ್ಕೆ ಇದ್ದರೆ ಹೊಸ ಸೀಲ್ ಹಾಕಿದರೂ ಉಳಿಯಲ್ಲ, ರಾಡೇ ಬದಲಾಗಬೇಕು. ಉಪ್ಪುನೀರಲ್ಲಿ ಓಡಿಸಿ ಸಿಹಿನೀರಲ್ಲಿ ತೊಳೆಯದ ಇಂಜಿನ್‌ಗಳಲ್ಲಿ ಇದು ಸಾಮಾನ್ಯ.

ಕಾಳಿ_ಕಾರವಾರ:
ಟ್ರಾನ್ಸಮ್ ಸೇವರ್ ದುಡ್ಡು ದಂಡ. ಇಂಜಿನ್ ಎತ್ತಿದಾಗ ಪವರ್‌ಹೆಡ್ (ಮೇಲಿನ ಭಾರದ ಭಾಗ) ಮುಂದಕ್ಕೆ ಬರುತ್ತೆ, ಭಾರ ಟ್ರಾನ್ಸಮ್‌ಗೆ ಹತ್ತಿರ ಆಗುತ್ತೆ. ನೆಟ್ಟಗಿದ್ದಾಗಿನದಕ್ಕಿಂತ ಎಳೆತ ಜಾಸ್ತಿ ಏನಾಗಲ್ಲ. ನನ್ನದು 115 ಫೋರ್ ಸ್ಟ್ರೋಕ್, ಡಬಲ್ ಆಕ್ಸಲ್ ಗ್ಯಾಲ್ವನೈಸ್ಡ್ ಟ್ರೇಲರ್, ನಾಲ್ಕೂ ಚಕ್ರಕ್ಕೆ ಟಾರ್ಷನ್ ಸಸ್ಪೆನ್ಷನ್. ಸೇವರ್ ಇಲ್ಲದೆಯೇ ಓಡ್ತಿದೆ.

ತ್ರಾಸಿ_ತೀರ:
ನಿಂತ ಗಾಡಿಯ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಟ್ರಾನ್ಸಮ್ ಮುರಿಯೋದು ನಿಂತ ಭಾರದಿಂದ ಅಲ್ಲ, ಕುಕ್ಕಾಟದಿಂದ. ಎತ್ತಿದ ಇಂಜಿನ್ ಪ್ರತಿ ಹಂಪ್‌ಗೂ ಒಂದು ಬೆರಳು ಮೇಲೆದ್ದು ಲಾಕ್ ಮೇಲೆ ಕುಕ್ಕುತ್ತೆ. ಎಪ್ಪತ್ತು ಕೆಜಿ ದಾಟಿದ ಕಬ್ಬಿಣ, ಹಿಡಿಯೋಕೆ ಬೆರಳುದ್ದದ ಒಂದು ಲಿವರ್. ಹಂಪ್‌ಗೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಹೇಳೋದು 3.7 ಮೀಟರ್ ಅಗಲ, 10 ಸೆಂಮೀ ಎತ್ತರ. ಊರೊಳಗಿನ ರಸ್ತೆಗಳಲ್ಲಿರೋದು ಗೋಡೆ ಥರದ ಹಂಪ್‌ಗಳು. ಡಬಲ್ ಆಕ್ಸಲ್ ಟಾರ್ಷನ್ ಅದನ್ನು ನುಂಗುತ್ತೆ, ಸಿಂಗಲ್ ಆಕ್ಸಲ್ ಪಟ್ಟೆ ಸ್ಪ್ರಿಂಗ್ ನುಂಗಲ್ಲ.

ಮಿನ್ನೆಸೋಟ_ಕನ್ನಡಿಗ:
ಇಲ್ಲಿ ಸೇವರ್ ಎರಡು ಥರ ಸಿಗುತ್ತೆ. ಒಂದು, ಟ್ರೇಲರ್ ಹಿಂದಿನ ಅಡ್ಡಪಟ್ಟಿಯಿಂದ ಲೆಗ್‌ಗೆ (ಇಂಜಿನ್‌ನಿಂದ ನೀರಿಗಿಳಿಯುವ ಉದ್ದ ಭಾಗ) ಆನಿಸುವ ಉದ್ದ ಬಾರ್, ತುದಿಯಲ್ಲಿ ರಬ್ಬರ್ ಹಾಕಿದ ವಿ ಆಕಾರದ ಪಟ್ಟಿ. ಇನ್ನೊಂದು, ಟಿಲ್ಟ್ ರಾಮ್ ರಾಡ್ ಮೇಲೆ ಕೂರಿಸುವ ವೆಡ್ಜ್. ಇಂಜಿನ್ ಇಳಿಸಿದಾಗ ಅದು ಮಧ್ಯೆ ಕಚ್ಚಿ ನಿಲ್ಲುತ್ತೆ, ಟ್ರೇಲರ್‌ಗೆ ಸಂಬಂಧ ಇಲ್ಲ. ನಿಮಗೆ ವೆಡ್ಜ್ ಸುಲಭ, ಪಾರ್ಸಲ್ ತೂಕವೂ ಕಮ್ಮಿ.

ಹೊಸನಗರ_ಹಿನ್ನೀರು:
ರಾಮ್ ರಾಡ್ ಎಲ್ಲಿದೆ ಅಂತಲೇ ಹುಡುಕ್ತಾ ಇದ್ದೀನಿ. ನನ್ನದು ಟಿಲ್ಲರ್ ಹ್ಯಾಂಡಲ್, ಕೈಯಲ್ಲಿ ಎತ್ತುವ ಇಂಜಿನ್. ಕರಾವಳಿಯ ಸಣ್ಣ ದೋಣಿಗಳಲ್ಲಿ ಇರೋದೇ ಅದು, ಬೇರೆ ಹೇಳಬೇಕಿತ್ತಾ?

ಮಲ್ಪೆ_ಸ್ಪ್ಯಾನರ್:
ಹಾಗಾದರೆ ಹೈಡ್ರಾಲಿಕ್ ಮಾತು ಬಿಡಿ. ಆದರೂ ಪವರ್ ಟಿಲ್ಟ್ ಇರುವವರು ಮೇಲೆ ಬರೆದದ್ದು ಮಾಡಿ ನೋಡಿ, ಅದು ಸರಿಯಾದ ಪರೀಕ್ಷೆಯೇ.

ತ್ರಾಸಿ_ತೀರ:
ಈಗ ವಿಷಯ ತಿಳಿಯಾಯ್ತು. ಪವರ್ ಟಿಲ್ಟ್ ಇಂಜಿನ್ ಅನ್ನು ಎಣ್ಣೆಯ ಒತ್ತಡ ಮೇಲೂ ಹಿಡಿಯುತ್ತೆ, ಕೆಳಗೂ ಹಿಡಿಯುತ್ತೆ. ಕೈ ಟಿಲ್ಟ್ ಇಂಜಿನ್ ಎತ್ತಿದ ಮೇಲೆ ಕೆಳಗೆ ಬೀಳದಂತೆ ಮಾತ್ರ ಲಿವರ್ ತಡೆಯುತ್ತೆ, ಮೇಲಕ್ಕೆ ಹಾರೋಕೆ ಏನೂ ಅಡ್ಡಿ ಇಲ್ಲ. ಗುಂಡಿಯಲ್ಲಿ ಇಂಜಿನ್ ಮೇಲೆದ್ದ ಕ್ಷಣ ಲಿವರ್ ಮೇಲಿನ ಭಾರ ಹೋಗುತ್ತೆ, ಲಿವರ್ ತಪ್ಪುತ್ತೆ, ಇಂಜಿನ್ ಬೀಳುತ್ತೆ. ನಿಮ್ಮ ಮರದ ತುಂಡು ಹಾರಿದ್ದೂ ಇದೇ ಕಾರಣಕ್ಕೆ. ಆ ಲಿವರ್ ಇರೋದು ದಡದಲ್ಲಿ ಕಟ್ಟಿದಾಗ ಎತ್ತಿ ನಿಲ್ಲಿಸೋಕೆ. ಎಳೆಯುವಾಗ ಅದನ್ನು ನಂಬಬೇಡಿ ಅಂತ ಯಮಾಹಾ ಮ್ಯಾನುಯಲ್‌ನಲ್ಲೇ ಇದೆ. ನೆಟ್ಟಗೆ ಇಳಿಸಿ ಒಯ್ಯಿರಿ, ನೆಲ ತಾಗುವ ಹಾಗಿದ್ದರೆ ಮಾತ್ರ ಆಧಾರ ಕೊಟ್ಟು ಎತ್ತಿ ಅಂತ ಮರ್ಕ್ಯುರಿಯೂ ಹೇಳುತ್ತೆ.

ಆದ್ದರಿಂದ ಸ್ಕೆಗ್ ಅಳತೆ ಮೊದಲು. 30 ಸೆಂಮೀ ಸಿಕ್ಕರೆ ಇಂಜಿನ್ ಇಳಿಸಿ, ಟಿಲ್ಟ್ ಲಾಕ್ (ಇಳಿಸಿದ ಇಂಜಿನ್ ಮೇಲೇಳದಂತೆ ಹಿಡಿಯೋದು) ಹಾಕಿ, ಹಾಗೇ ಹೋಗಿ. ಏನೂ ಕೊಳ್ಳಬೇಡಿ.

ಸಿಗದಿದ್ದರೆ ಬಾರ್ ಮಾಡಿಸಿ, ರಾಮ್ ಇಲ್ಲದ್ದರಿಂದ ವೆಡ್ಜ್ ನಿಮಗೆ ಆಗಲ್ಲ. ಹೊರಗೆ 50×50 ಚೌಕ ಪೈಪು, ದಪ್ಪ 3 ಮಿಮೀ. ಒಳಗೆ 40×40. ಒಳಗೆ ಎರಡೂ ಕಡೆ 2 ಮಿಮೀ ಜಾಗ ಉಳಿಯುತ್ತೆ, ಬಣ್ಣ ಹೊಡೆದರೂ ಜಾರುತ್ತೆ. 5 ಸೆಂಮೀಗೊಂದು 12 ಮಿಮೀ ತೂತು, ಪಿನ್ನು, ಆರ್-ಕ್ಲಿಪ್. ಎಷ್ಟೇ ಉದ್ದ ಎಳೆದರೂ ಒಳಪೈಪು 15 ಸೆಂಮೀ ಒಳಗಿರಲಿ. ತುದಿಗೆ 50 ಮಿಮೀ ಅಗಲ, 6 ಮಿಮೀ ದಪ್ಪದ ಪಟ್ಟಿಯ ವಿ, ಅದರೊಳಗೆ ಕನ್ವೇಯರ್ ಬೆಲ್ಟಿನ ರಬ್ಬರು. ರಬ್ಬರನ್ನು ಅಂಟಿಸಿದರೆ ನಿಲ್ಲಲ್ಲ, ತಲೆ ಒಳಗೆ ಹುದುಗುವ ಬೋಲ್ಟ್ ಹಾಕಿ, ಇಲ್ಲದಿದ್ದರೆ ಬೋಲ್ಟ್ ತಲೆ ಬಣ್ಣ ಕೆರೆಯುತ್ತೆ.

ವಿ ಕೂರಬೇಕಾದ್ದು ಲೆಗ್‌ನ ಮುಂಭಾಗದಲ್ಲಿ, ಗೇರ್‌ಕೇಸ್‌ನ (ಪ್ರೊಪೆಲ್ಲರ್ ಮುಂದಿನ ಗೇರ್ ಪೆಟ್ಟಿಗೆ) ಉಬ್ಬಿನಿಂದ ಸ್ವಲ್ಪ ಮೇಲೆ. ಪಕ್ಕದ ನೀರಿನ ಜಾಲರಿ ಮೇಲೆ ಒತ್ತಬಾರದು, ಸ್ಕೆಗ್‌ಗೆ ಆನಿಸಲೇಬಾರದು. ಬಾರ್ ಮತ್ತು ಲೆಗ್ ಮಧ್ಯೆ ಸುಮಾರು 90 ಡಿಗ್ರಿ ಬರಲಿ. ಓರೆಯಾದರೆ ವಿ ಜಾರುತ್ತೆ. ಪೂರ್ತಿ ಎತ್ತುವ ಅಗತ್ಯವೂ ಇಲ್ಲ, ನೆಲ ತಪ್ಪಿದರೆ ಸಾಕು.

ಕಟ್ಟುವ ಕ್ರಮ ತಪ್ಪಬಾರದು. ಬೋಟು ನೀರಿಂದ ತೆಗೆದ ಮೇಲೆ ಇಂಜಿನ್ ನೆಟ್ಟಗೆ ಇಟ್ಟು ನೀರು ಪೂರ್ತಿ ಇಳಿಯಲಿ. ಆಮೇಲೆ ಟ್ರಾನ್ಸಮ್‌ನ ಎರಡೂ ಕೊಂಡಿಗಳಿಂದ ಟ್ರೇಲರ್‌ಗೆ ರ‍್ಯಾಚೆಟ್ ಬೆಲ್ಟ್ ಎಳೆದು ಬಿಗಿ ಮಾಡಿ. ಬಾರ್ ಕೂರಿಸೋದು ಅದಾದ ಮೇಲೆ. ಮೊದಲು ಬಾರ್ ಇಟ್ಟು ಆಮೇಲೆ ಬೆಲ್ಟ್ ಬಿಗಿದರೆ ಟ್ರಾನ್ಸಮ್ ಕೆಳಗೆ, ಬಾರ್ ಮೇಲೆ, ಮಧ್ಯೆ ಇಂಜಿನ್ ಬ್ರಾಕೆಟ್ ಹಿಂಡಿಹೋಗುತ್ತೆ. ಬಾರ್ ಕೂತ ಮೇಲೆ ಲಿವರ್ ಬಿಡಿಸಿ, ಭಾರ ಪೂರ್ತಿ ವಿ ಮೇಲೆ ಇಳಿಯಲಿ. ಕೊನೆಗೆ ಲೆಗ್ ಸುತ್ತ ಒಂದು ಬೆಲ್ಟ್ ಹಾಕಿ ಎಡ-ಬಲ ಎರಡೂ ಕಡೆ ಅಡ್ಡಪಟ್ಟಿಗೆ ಕೆಳಕ್ಕೆ ಎಳೆದು ಕಟ್ಟಿ. ಕೈ ಟಿಲ್ಟ್ ಇಂಜಿನ್‌ಗೆ ಈ ಬೆಲ್ಟೇ ಜೀವಾಳ. ಇದಿಲ್ಲದೆ ಎಂಥ ಬಾರ್ ಹಾಕಿದರೂ ಇಂಜಿನ್ ಕುಣಿಯುತ್ತೆ. ಸ್ಟೀರಿಂಗ್ ಫ್ರಿಕ್ಷನ್ ಬಿಗಿ ಮಾಡಿ. ಐದು ಕಿಲೋಮೀಟರ್ ಹೋಗಿ ನಿಲ್ಲಿಸಿ ಎಲ್ಲ ಬೆಲ್ಟ್ ಮತ್ತೆ ಎಳೆಯಿರಿ, ಹೊಸ ಬೆಲ್ಟ್ ಹಿಗ್ಗುತ್ತೆ.

ಕಾಳಿ_ಕಾರವಾರ:
ಬಾರ್ ಬುಡಕ್ಕೆ ಬ್ರಾಕೆಟ್ ಅಡ್ಡಪಟ್ಟಿಗೆ ವೆಲ್ಡ್ ಮಾಡಿಸಿ, ಹತ್ತು ನಿಮಿಷದ ಕೆಲಸ.

ತ್ರಾಸಿ_ತೀರ:
ಗ್ಯಾಲ್ವನೈಸ್ಡ್ ಚಾಸಿ ಮೇಲೆ ವೆಲ್ಡ್ ಬೇಡವೇ ಬೇಡ. ಸತು ಸುಟ್ಟ ಜಾಗದಿಂದಲೇ ತುಕ್ಕು ಶುರು, ಆ ಹೊಗೆಯೂ ಒಳ್ಳೆಯದಲ್ಲ. ಎರಡು ಯು-ಬೋಲ್ಟ್, ಒಂದು 8 ಮಿಮೀ ಪ್ಲೇಟು, ನೈಲಾಕ್ ನಟ್ಟು ಸಾಕು. ಬೇಕಾದಾಗ ಸರಿಸಬಹುದು ಕೂಡ.

ಕಾಳಿ_ಕಾರವಾರ:
ಯು-ಬೋಲ್ಟ್ ತಿರುಗುತ್ತೆ. ನಾಲ್ಕು ಇಂಚು ವೆಲ್ಡ್ ಹಾಕಿ ಕೋಲ್ಡ್ ಗ್ಯಾಲ್ವನೈಸಿಂಗ್ ಸ್ಪ್ರೇ ಹೊಡೆದರೆ ತುಕ್ಕಿನ ಮಾತೇ ಬರಲ್ಲ.

ಮಲ್ಪೆ_ಸ್ಪ್ಯಾನರ್:
ಚೌಕ ಅಡ್ಡಪಟ್ಟಿಗೆ ಚೌಕ ಯು-ಬೋಲ್ಟ್ ಹಾಕಿದರೆ ತಿರುಗಲ್ಲ. ದುಂಡು ಪೈಪಾದರೆ ಕಾಳಿಯವರ ಮಾತಲ್ಲಿ ಅರ್ಥ ಇದೆ.

ಹೊಸನಗರ_ಹಿನ್ನೀರು:
ಅಳತೆ ತೆಗೆದೆ. ಸ್ಕೆಗ್‌ನಿಂದ ನೆಲಕ್ಕೆ 19 ಸೆಂಮೀ. ಅಡ್ಡಪಟ್ಟಿ ಚೌಕ. ಬಂಕ್ ಹಲಗೆ ಟ್ರಾನ್ಸಮ್‌ಗಿಂತ 22 ಸೆಂಮೀ ಮುಂದೆಯೇ ಮುಗಿಯುತ್ತೆ. ಬೆಲ್ಟ್ ಅಂದರೆ ಮುಂದಿನ ವಿಂಚ್ ಬೆಲ್ಟ್, ಹಿಂದೆ ಇಲ್ಲ. ಲಿವರ್ ಸ್ವಲ್ಪ ಬಾಗಿದೆ.

ತ್ರಾಸಿ_ತೀರ:
19 ಸಾಲದು, ಬಾರ್ ಮಾಡಿಸಿ. ಆದರೆ ಬಿರುಕಿಗೆ ಅರ್ಧ ಕಾರಣ ಆ 22 ಸೆಂಮೀ. ಟ್ರಾನ್ಸಮ್ ಕೆಳಗೆ ಹಲಗೆಯೇ ಇಲ್ಲದಿದ್ದರೆ ಬೋಟಿನ ಹಿಂಭಾಗ ಇಂಜಿನ್ ಸಮೇತ ಗಾಳಿಯಲ್ಲಿ ನೇತಾಡುತ್ತೆ. ಕಾಲಕ್ರಮೇಣ ಬೋಟಿನ ತಳವೇ ಬಾಗುತ್ತೆ, ಆಮೇಲೆ ನೀರಲ್ಲಿ ಬೋಟು ಮೂಗು ಕೆಳಗೆ ಹಾಕಿ ಓಡುತ್ತೆ. ವಿಂಚ್ ಪೋಸ್ಟ್ ಮುಂದಕ್ಕೆ ಸರಿಸಿ ಬೋಟನ್ನು 22 ಸೆಂಮೀ ಎಳೆಯಿರಿ. ಎಳೆದ ಮೇಲೆ ಕೊಕ್ಕೆಯ ಭಾರ ಅಳೆಯಿರಿ. ಸಮತಟ್ಟು ನೆಲ, ಮನೆಯ ತೂಕದ ಯಂತ್ರ, ಅದರ ಮೇಲೆ ಟ್ರೇಲರ್ ಮೂತಿ. ಒಟ್ಟು ತೂಕದ ಶೇ. 7ರಿಂದ 10 ಬಂದರೆ ಸರಿ. 600 ಕೆಜಿಗೆ 42ರಿಂದ 60. ಅದಕ್ಕಿಂತ ಹೆಚ್ಚಾದರೆ ಬೋಟು ಸರಿಸಬೇಡಿ, ಬಂಕ್ ಹಲಗೆಯನ್ನೇ ಉದ್ದ ಮಾಡಿ.

ಬಿರುಕು ಜೆಲ್‌ಕೋಟ್‌ನದ್ದೋ (ಫೈಬರ್ ಮೇಲಿನ ಹೊಳಪಿನ ಪದರ) ಒಳಗಿನದ್ದೋ ನೋಡೋಕೆ: ಇಂಜಿನ್ ಎತ್ತಿ ಲೆಗ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಇನ್ನೊಬ್ಬರು ಬಿರುಕಿನ ಮೇಲೆ ಕಣ್ಣಿಡಲಿ. ಬಾಯಿ ಬಿಟ್ಟರೆ ಒಳಗಿನದ್ದು. ಸ್ಕ್ರೂಡ್ರೈವರ್ ಹಿಡಿಯಿಂದ ಟ್ರಾನ್ಸಮ್ ಉದ್ದಕ್ಕೂ ತಟ್ಟಿ, ಟಣ್ ಅನ್ನುವ ಸದ್ದು ಎಲ್ಲಿ ಮಂದವಾಗುತ್ತೋ ಅಲ್ಲಿ ಅನುಮಾನ. ಒಳಗಡೆಯಿಂದ, ತಳಕ್ಕಿಂತ 5 ಸೆಂಮೀ ಮೇಲೆ, 6 ಮಿಮೀ ಬಿಟ್‌ನಲ್ಲಿ ತೂತು ಕೊರೆಯಿರಿ, ಹೊರಗಿನ ಫೈಬರ್ ದಾಟಬೇಡಿ. ಹೊಟ್ಟು ಒಣಗಿ ತಿಳಿಬಣ್ಣ ಇದ್ದರೆ ಎಪಾಕ್ಸಿ ತುಂಬಿ ಮುಚ್ಚಿ. ಕಪ್ಪಗೆ ಒದ್ದೆ ಬಂದರೆ ಟ್ರಾನ್ಸಮ್ ಫೈಬರ್ ಒಳಗಿನ ಪ್ಲೈವುಡ್ ಕೊಳೆತಿದೆ, ಬಾರ್ ಗೀರ್ ಎಲ್ಲ ಆಮೇಲೆ. ಐಎಸ್ 710 ಮರೈನ್ ಪ್ಲೈ ಹಾಕಿಸುವವರೆಗೆ ಆ ಟ್ರಾನ್ಸಮ್ ಮೇಲೆ ಇಂಜಿನ್ ಹಾಕಿ ಎಳೆಯಬೇಡಿ, ನೀರಿಗೂ ಇಳಿಸಬೇಡಿ.

ಮಲ್ಪೆ_ಸ್ಪ್ಯಾನರ್:
ಬಾಗಿದ ಲಿವರ್ ಬಡಿದು ನೆಟ್ಟಗೆ ಮಾಡಬೇಡಿ, ಬದಲಿಸಿ. ಇಂಜಿನ್ ಬಿದ್ದದ್ದಾದರೆ ಟಿಲ್ಟ್ ಪಿನ್ ಬಾಗಿದೆಯಾ, ಅದು ಕೂರುವ ಬ್ರಾಕೆಟ್ ತೂತುಗಳ ಸುತ್ತ ಸೀಳು ಇದೆಯಾ ಟಾರ್ಚ್ ಹಾಕಿ ನೋಡಿ. ಕ್ಲ್ಯಾಂಪ್ ಸ್ಕ್ರೂ, ಟ್ರಾನ್ಸಮ್ ಬೋಲ್ಟ್ ಎರಡೂ ಬಿಗಿ ನೋಡಿ. ಬೋಲ್ಟ್ ತೂತಿನಿಂದಲೇ ಪ್ಲೈಗೆ ನೀರು ಹೋಗೋದು, ಬಿಚ್ಚಿದಾಗ ಪಾಲಿಯುರೆಥೇನ್ ಸೀಲಂಟ್ ಹಾಕದೆ ಮುಚ್ಚಬೇಡಿ.

ಕಾಳಿ_ಕಾರವಾರ:
ಟ್ರೇಲರ್ ಟೈರಿನ ಗಾಳಿ ಯಾರೂ ಕೇಳಲಿಲ್ಲ. ಕಮ್ಮಿ ಭಾರಕ್ಕೆ ಪೂರ್ತಿ ಗಾಳಿ ತುಂಬಿದರೆ ಚೆಂಡಿನ ಥರ ಪುಟಿಯುತ್ತೆ.

ತ್ರಾಸಿ_ತೀರ:
ಇಳಿಸಿದರೆ ಘಾಟಿಯ ತಿರುವಿನಲ್ಲಿ ಟೈರಿನ ಪಕ್ಕೆ ಬಿಸಿಯಾಗುತ್ತೆ. ಟೈರ್ ಕಂಪನಿಯ ಲೋಡ್ ಪಟ್ಟಿ ನೋಡಿ ಹಾಕಲಿ, ಅಂದಾಜಿಗೆ ಬೇಡ.

ಗುರುಪುರ_ಹೊಳೆ:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. 9.9 ಫೋರ್ ಸ್ಟ್ರೋಕ್‌ಗೂ ಬಾರ್ ಬೇಕಾ?

ಮಲ್ಪೆ_ಸ್ಪ್ಯಾನರ್:
ಬಿಚ್ಚಿ ಕಾರಿನೊಳಗೆ ಹಾಕಿ. ನೆಟ್ಟಗೆ ನಿಲ್ಲಿಸಿ ನೀರು ಇಳಿಸಿ, ಪೆಟ್ರೋಲ್ ಪೈಪ್ ಕಳಚಿ, ಮ್ಯಾನುಯಲ್‌ನಲ್ಲಿ ಗುರುತು ಮಾಡಿದ ಪಕ್ಕಕ್ಕೇ ಮಲಗಿಸಿ, ಬೇರೆ ಪಕ್ಕ ಹಾಕಿದರೆ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತೆ. ಪವರ್‌ಹೆಡ್ ಯಾವಾಗಲೂ ಲೆಗ್‌ಗಿಂತ ಎತ್ತರದಲ್ಲಿರಲಿ.

ಹೊಸನಗರ_ಹಿನ್ನೀರು:
ಮೂಲೆಯಲ್ಲಿ ತೂತು ಕೊರೆದೆ. ಮೇಲಿನ 1 ಸೆಂಮೀ ಒಣ ಹೊಟ್ಟು, ಅದರೊಳಗೆ ಸ್ವಲ್ಪ ಕಂದು ಬಣ್ಣ, ಕೈಗೆ ತಂಪು ಅನ್ಸುತ್ತೆ, ನೀರು ಬರ್ತಿಲ್ಲ. ಇದನ್ನು ಒದ್ದೆ ಅನ್ನೋದಾ?

ತ್ರಾಸಿ_ತೀರ:
ಒಂದೇ ತೂತಲ್ಲಿ ತೀರ್ಮಾನ ಬೇಡ. ಕ್ಲ್ಯಾಂಪ್ ಬೋಲ್ಟ್ ಕೆಳಗೊಂದು, ಡ್ರೈನ್ ಪ್ಲಗ್ ಪಕ್ಕ ಒಂದು ಕೊರೆದು ಮೂರೂ ಹೊಟ್ಟಿನ ಫೋಟೋ ಹಾಕಿ.