ಸಹಾಯ ಬೇಕು: ಕ್ವಾರ್ಟೈಲ್ ಅರ್ಥ ತಂಗಿಗೆ ಹೇಗೆ ಹೇಳಲಿ?

ನಮಸ್ಕಾರ. ಪಿಯುಸಿ ಓದುವ ತಂಗಿಗೆ ಸಂಖ್ಯಾಶಾಸ್ತ್ರ ಹೇಳಿಕೊಡ್ತಿದ್ದೇನೆ. ಕ್ವಾರ್ಟೈಲ್ ಅಂದರೆ ಏರಿಕೆ ಕ್ರಮದ ಅಂಕಿಗಳನ್ನು ನಾಲ್ಕು ಸಮ ಭಾಗ ಮಾಡುವ ಗಡಿ; ಮೊದಲನೆಯದರ ಕೆಳಗೆ ಕಾಲು ಭಾಗ ಇರುತ್ತದೆ. ಎಂಟು ಮಕ್ಕಳ ಅಂಕ, ಏರಿಕೆ ಕ್ರಮದಲ್ಲಿ: 12, 15, 18, 20, 24, 27, 31, 40. ಎಂಟಕ್ಕೆ ಒಂದು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಮೊದಲ ಕ್ವಾರ್ಟೈಲ್ ಇರುವುದು 2.25ನೇ ಸ್ಥಾನದಲ್ಲಿ. ಅಂದರೆ 15, ಜೊತೆಗೆ 18ರವರೆಗಿನ ಅಂತರದ ಕಾಲು ಭಾಗ. ಮೊದಲ ಕ್ವಾರ್ಟೈಲ್ 15.75. ಕೆಳಗಿನ ನಾಲ್ಕು ಅಂಕಗಳ ಮಧ್ಯಾಂಕ (ನಟ್ಟನಡುವಿನ ಬೆಲೆ) ತೆಗೆದರೆ 16.5, ಎಕ್ಸೆಲ್‌ನಲ್ಲಿ 17.25! ಸ್ಥಾನ ಹಿಡಿಯುವ ರೀತಿ ಬೇರೆ ಬೇರೆ, ಅಷ್ಟೇ.

‘15.75 ಯಾರಿಗೂ ಬಂದಿಲ್ವಲ್ಲ ಅಕ್ಕಾ?’ ಅಂದಳು. ಯಾವ ಉತ್ತರ ತಗೊಂಡರೂ ಕೆಳಗೆ ಇಬ್ಬರೇ, ಎಂಟರಲ್ಲಿ ಕಾಲು ಭಾಗ ಅಂತ ತೋರಿಸಿದೆ. ಒಪ್ಪಿದಳು.

ಆದರೆ 40 ತೆಗೆದು ಏಳೇ ಅಂಕ ಇಟ್ಟರೆ, ಮೊದಲ ರೀತಿಯಲ್ಲಿ ಕ್ವಾರ್ಟೈಲ್ ಸರಿಯಾಗಿ 15ರ ಮೇಲೇ ಬೀಳುತ್ತದೆ. 15 ತೆಗೆದ ಮಗು ಕೆಳಗಿನ ಕಾಲು ಭಾಗಕ್ಕೆ ಸೇರುತ್ತಾ, ಇಲ್ವಾ? ಪಾಠ ಮಾಡುವವರು ಇದನ್ನು ಹೇಗೆ ವಿವರಿಸ್ತೀರಿ? ದಯವಿಟ್ಟು ತಿಳಿಸಿ.